ಅಂಗಿಯ ಹಾಡಿನ ಶ್ರುತಿ

ಮಾರ್ಚ್ ೩, ಸೋಮವಾರ

ಹಾಡುಗಳನ್ನು ಮಾರುವುದೆಂದು ತೀರ್ಮಾನವಾಯಿತು. ನಾನು ತೀರ್ಮಾನಿಸಿದೆ ಅಂದಮೇಲೆ ಆಯಿತು ಅಂತಲೇ ಲೆಕ್ಕ.

ಕೊಳ್ಳುವ ಕಂಪನಿಯಿಂದ ಬಂದಿದ್ದ ಮನುಷ್ಯ ಪ್ರತಿ ಮಾತಿಗೂ ಒಂದು ‘ದಯವಿಟ್ಟು’ ಅಂಟಿಸುತ್ತಾನೆ. ದಯವಿಟ್ಟು ಫ್ಯಾನು ಸ್ವಲ್ಪ ಕಡಿಮೆ ಮಾಡಿ, ದಯವಿಟ್ಟು ನನಗೆ ಸಕ್ಕರೆ ಬೇಡ. ಅವನ ಹೆಸರು ಕೇಳಿದೆ, ಮರೆತೂಬಿಟ್ಟೆ. ಈ ಪುಸ್ತಕದಲ್ಲಿ ಅವನು ದಯವಿಟ್ಟು ಎಂದೇ ಇರಲಿ. ಆದರೆ ಕೆಲಸ ಗೊತ್ತಿರುವವನು. ನಾನು ಬರೆದು ಹಾಡಿದ, ತಮ್ಮ ರಾಗ ಹಾಕಿದ ಅಷ್ಟೂ ಹಾಡುಗಳ ಹಕ್ಕು ಇನ್ನು ಅವರದಾಗುತ್ತದೆ. ಸಿನಿಮಾದವರಿಗೆ ಬೇಕಾದರೆ ಅವರ ಬಾಗಿಲು ತಟ್ಟುತ್ತಾರೆ. ನೆಲ ಒರೆಸುವ ದ್ರಾವಣದ ಜಾಹೀರಾತಿಗೆ ಹಾಡು ಕೊಡಿ ಅಂತ ಮೊನ್ನೆ ಒಬ್ಬ ಊಟದ ಹೊತ್ತಿಗೆ ಫೋನ್ ಮಾಡಿ ತಲೆ ತಿಂದನಲ್ಲ, ಅಂಥವರ ಕಾಟ ತಪ್ಪುತ್ತದೆ. ವೇದಿಕೆಯ ಮೇಲೆ ನಾವು ಹಾಡಿಕೊಳ್ಳಲು ಅಡ್ಡಿಯಿಲ್ಲವಂತೆ. ಹಾಡುವವರು ಯಾರು? ಆರು ವರ್ಷದಿಂದ ನಾನು ವೇದಿಕೆ ಹತ್ತಿಲ್ಲ. ಬೇಡ ಅನ್ನಿಸಿತು, ಹತ್ತಲಿಲ್ಲ, ಅಷ್ಟೇ.

“ಬೇಜಾರಾಗಲ್ವಾ ಅಮ್ಮಾ?” ಎಂದಳು ಮಗಳು. ನಿನ್ನನ್ನೇ ಮದುವೆ ಮಾಡಿ ಕಳಿಸಿದವಳು ನಾನು, ಹಾಡು ಯಾವ ಲೆಕ್ಕ ಎಂದೆ. ಅವಳು ಎರಡು ಬೀದಿ ಆಚೆ ಇರುವುದು, ದಿನಾ ಸಂಜೆ ಶಾಲೆ ಮುಗಿಸಿಕೊಂಡು ಬಂದು ನನ್ನ ಫ್ರಿಜ್ಜು ತೆಗೆದು ನೋಡುವುದು ಬೇರೆ ಮಾತು.

ತಮ್ಮ ಮಾತ್ರ ಮುಖ ಊದಿಸಿಕೊಂಡು ಕೂತಿದ್ದ. ಅವನ ಸಹಿಯೂ ಬೇಕು. “ಯಾಕಕ್ಕ ಮಾರೋದು? ಇದ್ದ ಹಾಗೆ ಇರ್ಲಿ ಬಿಡು” ಎನ್ನುತ್ತಾನೆ. ಇದ್ದ ಹಾಗೆ ಇದ್ದರೆ ನಾವಿಬ್ಬರೂ ಹೋದಮೇಲೆ ಮಕ್ಕಳು ಮೊಮ್ಮಕ್ಕಳು ವಕೀಲರ ಮನೆ ಅಲೆಯುತ್ತಾರೆ. ಗಟ್ಟಿಯಾಗಿರುವಾಗಲೇ ನಮ್ಮ ಸಾಮಾನಿಗೆ ನಾವೇ ಬೆಲೆ ಹೇಳುವುದು ಮೇಲು. ಇದನ್ನು ಬಿಡಿಸಿ ಹೇಳಿದೆ. ತಲೆ ಆಡಿಸಿದ. ಅವನು ತಲೆ ಆಡಿಸುವುದು ಒಪ್ಪಿಗೆಗೋ ಅಲ್ಲವೋ ಅಂತ ಅರವತ್ತು ವರ್ಷದಿಂದ ನನಗೆ ಗೊತ್ತಾಗಿಲ್ಲ.

ದಯವಿಟ್ಟು ಎರಡು ಷರತ್ತು ಹಾಕಿದ. ಒಂದು, ಮೂಲ ಟೇಪುಗಳು ಬೇಕು. ಅದನ್ನು ಕೇಳಿದ್ದೇ ತಮ್ಮನಿಗೆ ಬಿಸ್ಕತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. “ಟೇಪೆಲ್ಲ ಎಲ್ಲಿದೆ ಸಾರ್, ಗೆದ್ದಲು ತಿಂದಿರತ್ತೆ” ಎಂದ ಕೆಮ್ಮುತ್ತಾ. ಎರಡನೆಯದು, ಸಹಿಯ ದಿನ ಅವರ ಕ್ಯಾಮೆರಾದ ಮುಂದೆ ನಾನು ಒಂದು ಹಾಡು ಹಾಡಬೇಕು. ಯಾವುದೆಂದು ಕೇಳಬೇಕೇ? ಅಂಗಿಯ ಹಾಡು.

‘ನಿನ್ನ ಅಂಗಿ ಒಣಗಿದೆ, ನೀನು ಇನ್ನೂ ಬಂದಿಲ್ಲ.’ ಮೊದಲ ಚರಣದಲ್ಲಿ ಹೆಂಗಸು ಅವನ ಅಂಗಿ ಒಗೆಯುತ್ತಾಳೆ. ಎರಡನೆಯದರಲ್ಲಿ ಇಸ್ತ್ರಿ ಮಾಡುತ್ತಾಳೆ. ಮೂರನೆಯದರಲ್ಲಿ ಕಾದು ಸಾಕಾಗಿ ‘ಗುಂಡಿ ಹಾಕಿಕೊಂಡೆ ನಾನೇ’ ಎಂದು ಆ ಅಂಗಿಯನ್ನು ತಾನೇ ತೊಟ್ಟು ಬೀದಿಗಿಳಿಯುತ್ತಾಳೆ. ಆ ‘ನಾನೇ’ ಇಡೀ ಹಾಡಿನ ಅತಿ ಎತ್ತರದ ಸ್ವರ. ಅದನ್ನು ಕೇಳಿಯೇ ಜನ ನನ್ನನ್ನು ಬೆಳ್ಳಿಗಂಟಲು ಎಂದು ಕರೆದದ್ದು.

ತಮ್ಮ ನನ್ನ ಮುಖ ನೋಡಿದ. ನಾನು ದಯವಿಟ್ಟುವಿನ ಮುಖ ನೋಡಿ “ಹಾಡ್ತೀನಿ, ಅದೇನು ಮಹಾ” ಎಂದೆ. ಹಾಡದಿದ್ದರೆ ವ್ಯವಹಾರವಿಲ್ಲ ಎಂದು ಅವನು ದಯವಿಟ್ಟು ಸೇರಿಸಿಯೇ ಹೇಳಿದ. ಇರಲಿ, ಹಾಡುತ್ತೇನೆ.

ಮಾರ್ಚ್ ೫, ಬುಧವಾರ

ಬಚ್ಚಲಲ್ಲಿ ನಲ್ಲಿ ಪೂರ್ತಿ ಬಿಟ್ಟು ಒಂದು ಸಲ ಹಾಡಿ ನೋಡಿದೆ. ಮೊದಲೆರಡು ಚರಣ ಬೆಣ್ಣೆ. ‘ನಾನೇ’ಗೆ ಬಂದಾಗ ದನಿ ಎರಡು ಹೋಳಾಯಿತು. ಬೆಳಿಗ್ಗೆ ತಣ್ಣೀರು ಕುಡಿದಿದ್ದೆ, ಅದಕ್ಕೇ ಇರಬೇಕು.

ಸಂಜೆ ಬಿಸಿನೀರು ಕುಡಿದು ಮತ್ತೆ ಹಾಡಿದೆ. ನಲ್ಲಿಯ ಸದ್ದು ಜಾಸ್ತಿಯಾಗಿ ಸರಿಯಾಗಿ ಕೇಳಿಸಲಿಲ್ಲ.

ಮಾರ್ಚ್ ೯, ಭಾನುವಾರ

ತಮ್ಮನ ಜೊತೆ ಜಗಳ.

ಟೇಪುಗಳನ್ನೆಲ್ಲ ಅವನ ಮನೆಯ ಅಟ್ಟದಿಂದ ಇಳಿಸಿ ತಂದಿದ್ದ. ಕೆಮ್ಮಿಕೊಂಡು, ಧೂಳು ಒರೆಸಿಕೊಂಡು, ನನ್ನ ನಡುಮನೆಯ ತುಂಬಾ ಹರಡಿದೆವು. ಗೆದ್ದಲೂ ಇಲ್ಲ, ಗಿದ್ದಲೂ ಇಲ್ಲ, ಎಲ್ಲವೂ ಅಚ್ಚುಕಟ್ಟಾಗಿವೆ. ಡಬ್ಬಿಗಳ ಮೇಲೆ ಅವನದೇ ದುಂಡು ಅಕ್ಷರ. ಇಲ್ಲದಿರುವುದು ಒಂದೇ, ಅಂಗಿಯ ಹಾಡು.

“ಕಳೆದುಹೋಗಿದೆ ಅಕ್ಕ.”

“ಮಿಕ್ಕಿದ್ದೆಲ್ಲ ಇದೆ, ಅದೊಂದೇ ಕಾಲು ಬಂದು ಎದ್ದುಹೋಯ್ತಾ?”

“ಮನೆ ಬದಲಾಯಿಸುವಾಗ ಹೋಗಿರಬಹುದು. ಅವರಿಗೆ ರೆಕಾರ್ಡನ್ನೇ ಕೊಡೋಣ ಬಿಡು. ಅದರಲ್ಲೇ ಚೆನ್ನಾಗಿದೆ.”

ಸುಳ್ಳು ಹೇಳುವಾಗ ಅವನು ಮೊಣಕಾಲು ಉಜ್ಜಿಕೊಳ್ಳುತ್ತಾನೆ. ಚಿಕ್ಕಂದಿನಿಂದಲೂ ಹಾಗೇ. ಮಾರುವುದು ಇಷ್ಟವಿಲ್ಲ, ನೇರವಾಗಿ ಹೇಳುವ ಧೈರ್ಯವಿಲ್ಲ, ಅದಕ್ಕೆ ಟೇಪು ಬಚ್ಚಿಟ್ಟು ಆಟ ಕಟ್ಟುತ್ತಿದ್ದಾನೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಹಾಗೆಂದು ಮುಖಕ್ಕೇ ಹೇಳಿದೆ. ಅವನು ಎದ್ದ. ಎದ್ದವನು ಹಾಗೇ ಹೋಗಬಾರದಿತ್ತೇ? ಬಾಗಿಲ ಬಳಿ ನಿಂತು, ಚಪ್ಪಲಿ ಹುಡುಕುವ ನೆಪದಲ್ಲಿ ನೆಲ ನೋಡುತ್ತಾ ಹೇಳಿದ:

“ಅಕ್ಕ, ಅವತ್ತು ಶ್ರುತಿ ಅರ್ಧ ಮನೆ ಇಳಿಸಿ ಹಾಡು. ಅಕಾರ್ಡಿಯನ್‌ನಲ್ಲಿ ನಾನು ಪಕ್ಕದ ಕೀಗೆ ಸರೀತೀನಿ. ಯಾರಿಗೂ ಗೊತ್ತಾಗಲ್ಲ.”

ಇದನ್ನೇ ಆರು ವರ್ಷದ ಹಿಂದೆಯೂ ಹೇಳಿದ್ದ. ಆಗ ಏನು ಹೇಳಿದ್ದೆನೋ ಅದನ್ನೇ ಈಗಲೂ ಹೇಳಿದೆ. ಶ್ರುತಿ ಇಳಿಸಿ ಹಾಡುವವರು ಬೇಕಾದಷ್ಟು ಜನ ಇದ್ದಾರೆ, ಅವರ ಹಿಂದೆ ಹೋಗಿ ನುಡಿಸು. ನಾನು ಹಾಡಿದ್ದನ್ನು ಹಾಡಿದ ಹಾಗೆ ಹಾಡುತ್ತೇನೆ, ಆಗದ ದಿನ ಬಾಯಿ ಮುಚ್ಚುತ್ತೇನೆ.

ಬರೆಯುತ್ತಾ ಕೂತಿರುವುದರಿಂದ ಬರೆದೇ ಬಿಡುತ್ತೇನೆ. ಆರು ವರ್ಷದ ಹಿಂದೆ ಕೊನೆಯ ಕಾರ್ಯಕ್ರಮದಲ್ಲಿ ‘ನಾನೇ’ ಎನ್ನುವಾಗ ನನ್ನ ದನಿ ಬಿತ್ತು. ಸಭೆ ತುಂಬಿತ್ತು. ಜನ ನಗಲಿಲ್ಲ, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಾಪ ಅಂತ ತಟ್ಟಿದರು. ನಕ್ಕಿದ್ದರೆ ಮಾರನೇ ವಾರವೇ ಹೋಗಿ ಹಾಡಿ ತೋರಿಸುತ್ತಿದ್ದೆ. ಪಾಪ ಅನ್ನಿಸಿಕೊಂಡಮೇಲೆ ಯಾವ ಮುಖ ಇಟ್ಟುಕೊಂಡು ಹೋಗಲಿ? ಅವತ್ತು ನಿಲ್ಲಿಸಿದ್ದು.

ಸರಿ. ಬೇಡ ಅನ್ನಿಸಿ ನಿಲ್ಲಿಸಿದ್ದೂ ಹೌದು, ಇದೂ ಹೌದು.

ಮಾರ್ಚ್ ೧೦, ಸೋಮವಾರ

ಅವನು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಜೇನುತುಪ್ಪ, ಶುಂಠಿ, ಬಿಸಿನೀರು. ‘ನಾನೇ’ ಇನ್ನೂ ಹೋಳಾಗಿಯೇ ಇದೆ.

ಮಾರ್ಚ್ ೧೪, ಶುಕ್ರವಾರ

ಮಧ್ಯಾಹ್ನ ತಮ್ಮನ ಹೆಂಡತಿ ಬಂದಳು. ಬ್ಯಾಗಿನಿಂದ ಒಂದು ಚಪ್ಪಟೆ ಡಬ್ಬಿ ತೆಗೆದು ಮೇಜಿನ ಮೇಲೆ ಟಪ್ಪೆಂದು ಇಟ್ಟಳು.

“ತಗೊಳ್ಳಿ ಅಕ್ಕ. ಮದುವೆಯಾಗಿ ಬಂದಾಗಿನಿಂದ ನನ್ನ ಕಪಾಟಲ್ಲಿ, ಸ್ವೆಟರ್ ಕೆಳಗೆ ಕೂತು ಜಾಗ ತಿಂತಾ ಇದೆ. ಮುಟ್ಟಬೇಡ, ಮುಟ್ಟಬೇಡ ಅಂತಾರೆ. ಹಳೇ ಪ್ರೇಮಪತ್ರ ಇದ್ರೂ ಇಷ್ಟು ಕಾಯ್ತಿರಲಿಲ್ಲ. ನಾಲ್ಕು ದಿನದಿಂದ ಊಟ ಸರಿಯಾಗಿ ಮಾಡಿಲ್ಲ ನಿಮ್ಮ ತಮ್ಮ. ಏನಿದ್ರೂ ನೀವೇ ಬಗೆಹರಿಸಿಕೊಳ್ಳಿ.”

ಮೇಲೆ ಅವನ ದುಂಡು ಅಕ್ಷರ, ‘ಅಂಗಿ’. ಕಳೆದುಹೋದದ್ದು ಸ್ವೆಟರಿನ ಕೆಳಗೆ ಬೆಚ್ಚಗಿತ್ತು. ಅಷ್ಟು ಕಾಲದಿಂದ ಕಪಾಟಿನಲ್ಲಿದೆಯೆಂದರೆ ಮಾರುವ ಮಾತು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಬಚ್ಚಿಟ್ಟಿದ್ದಾನೆ ಎಂದಾಯಿತಲ್ಲ, ಯಾಕೆ? ಎಷ್ಟು ಯೋಚಿಸಿದರೂ ತಲೆಗೆ ಹೋಗಲಿಲ್ಲ. ಹೋಗದಿದ್ದರೆ ಬೇಡ. ಸ್ಟುಡಿಯೋಗೆ ಕಳಿಸಿದೆ. ಅವನಿಗೂ ಸುದ್ದಿ ಮುಟ್ಟಿಸಿದೆ: ಸೋಮವಾರ ಬರಬೇಕು, ಮೊಣಕಾಲು ನೋವು ಅನ್ನುವ ಹಾಗಿಲ್ಲ.

ಮಾರ್ಚ್ ೧೭, ಸೋಮವಾರ

ಇವತ್ತಿನದನ್ನು ಸಾವಕಾಶವಾಗಿ ಬರೆಯಬೇಕು. ಸಿಟ್ಟು ಇನ್ನೂ ಇಳಿದಿಲ್ಲ.

ಸ್ಟುಡಿಯೋ ಎಂದರೆ ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವವಳು ಒಬ್ಬ ನಡುವಯಸ್ಸಿನ ಹೆಂಗಸು, ಕನ್ನಡಕ ತಲೆಯ ಮೇಲೆ, ಮಾತು ಕಡಿಮೆ. ಹಳೇ ಟೇಪು ಅಂಟಂಟಾಗಿರುತ್ತದಂತೆ. ಅದನ್ನು ಸಣ್ಣ ಕಾವಿನಲ್ಲಿ ಇಟ್ಟು ಹದ ಮಾಡದೆ ಮಶೀನಿಗೆ ಹಾಕಿದರೆ ಸುಲಿದುಬರುತ್ತದಂತೆ. “ಎರಡು ದಿನ ಬೇಯಿಸಿದೀನಿ ಮೇಡಂ” ಎಂದಳು. ನನ್ನನ್ನು ಇಷ್ಟು ವರ್ಷ ಎಷ್ಟೋ ಜನ ಹುರಿದಿದ್ದಾರೆ, ಬೇಯಿಸಿದವಳು ನೀನೇ ಮೊದಲು ಎಂದೆ. ಅವಳು ನಕ್ಕಳು. ತಮ್ಮ ನಗಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಮೊಣಕಾಲು ಉಜ್ಜಿಕೊಳ್ಳುತ್ತಾ ಕೂತಿದ್ದ.

ಟೇಪು ತಿರುಗಿತು. ಅಕಾರ್ಡಿಯನ್ ಬಂತು, ಹಿಂದೆ ನನ್ನ ದನಿ ಬಂತು.

ಅದು ನನ್ನ ದನಿಯಾಗಿರಲಿಲ್ಲ. ದಪ್ಪಗೆ, ನಿಧಾನವಾಗಿ, ಯಾರೋ ಮನೆಕೆಲಸ ಮುಗಿಸಿ ಕೂತ ಹೆಂಗಸು ಹಾಡಿದ ಹಾಗಿತ್ತು. ನಮ್ಮಮ್ಮನ ದನಿಯಂತೆ ಕೇಳಿಸಿತು. ನನಗೆ ತಕ್ಷಣ ಗೊತ್ತಾಯಿತು, ಮಶೀನು ನಿಧಾನ ಓಡುತ್ತಿದೆ. ಹಾಗೆಂದೆ.

“ಸ್ಪೀಡ್ ಸರಿಯಾಗಿದೆ ಮೇಡಂ” ಎಂದಳು ಟೇಪಿನವಳು.

“ನಲವತ್ತು ವರ್ಷದಿಂದ ಈ ಹಾಡು ಹಾಡಿದೀನಮ್ಮ. ನನ್ನ ದನಿ ನನಗೆ ಗೊತ್ತಿಲ್ವಾ? ರೆಕಾರ್ಡು ಹಾಕಿ ನೋಡು.”

ಅವಳು ವಾದಿಸಲಿಲ್ಲ. ರೆಕಾರ್ಡಿನ ಹಾಡನ್ನು ಪಕ್ಕದಲ್ಲಿ ಹಾಕಿ, ಒಂದು ಗುಬುಟು ತಿರುಗಿಸುತ್ತಾ ಟೇಪಿನ ವೇಗ ಏರಿಸಿದಳು. ಎರಡೂ ಒಂದಾದವು. ಬೆಳ್ಳಿಯ ದನಿ ಬಂತು. “ಹಾಂ, ಇದು ನಾನು” ಎಂದು ಕುರ್ಚಿಗೆ ಒರಗಿದೆ. ಗೆದ್ದ ಖುಷಿ. ಮೂರನೇ ಚರಣ ಬಂತು, ‘ನಾನೇ’ ಬಂತು, ಮುಗಿಯಿತು.

ಹಾಡು ಮುಗಿದರೂ ಟೇಪು ಮುಗಿದಿರಲಿಲ್ಲ. ರೆಕಾರ್ಡಿನಲ್ಲಿ ಇಲ್ಲದ ಒಂದಷ್ಟು ಹೊತ್ತಿನ ಸದ್ದು ಅದರಲ್ಲಿ ಉಳಿದುಕೊಂಡಿತ್ತು. ಅಕಾರ್ಡಿಯನ್ ಕೆಳಗಿಟ್ಟ ಶಬ್ದ, ಆಮೇಲೆ ಒಂದು ಇಲಿ ಮಾತಾಡಿತು: “ಸಾಕಪ್ಪಾ, ಕಾಲು ಸೋತುಹೋಯ್ತು, ಯಾರಾದ್ರೂ ಒಂದು ಕುರ್ಚಿ ಕೊಡ್ರೋ.” ಇನ್ನೊಂದು ಇಲಿ ಕಿಚಕಿಚ ನಕ್ಕಿತು.

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಟೇಪಿನವಳೂ ನಕ್ಕಳು. ನಗುತ್ತಿದ್ದವಳು ನಿಲ್ಲಿಸಿ, ಟೇಪು ಹಿಂದಕ್ಕೆ ಸುತ್ತಿ, ಗುಬುಟನ್ನು ಮೊದಲಿನ ಜಾಗಕ್ಕೆ ತಂದು, ಅದೊಂದೇ ಮಾತನ್ನು ಮತ್ತೆ ಹಾಕಿದಳು.

“ಸಾಕಪ್ಪಾ, ಕಾಲು ಸೋತುಹೋಯ್ತು, ಯಾರಾದ್ರೂ ಒಂದು ಕುರ್ಚಿ ಕೊಡ್ರೋ.”

ಅದು ನಾನು. ಇಪ್ಪತ್ತೆಂಟರ ನಾನು, ಹೊಟ್ಟೆಯಲ್ಲಿ ಒಂಬತ್ತು ತಿಂಗಳ ಮಗಳು. ಮಾತು ಥೇಟ್ ನನ್ನದು. ಹಿಂದೆ ನಗುತ್ತಿದ್ದವನು ತಮ್ಮ, ಈಗಲೂ ಹಾಗೇ ನಗುತ್ತಾನೆ. ಹಾಡಿನ ದನಿಯ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಬಹುದು. ಕುರ್ಚಿ ಕೇಳಿದ ದನಿಯ ಬಗ್ಗೆ ಏನು ಆಡಲಿ?

ನಾನು ತಿರುಗಿ ನೋಡಿದೆ. ಅವನು ತನ್ನ ಶೂ ನೋಡುತ್ತಿದ್ದ.

“ಹೇಳೋ.”

“ಹಾಡು ಉದ್ದ ಆಯ್ತು ಅಕ್ಕ. ಆ ಸಣ್ಣ ರೆಕಾರ್ಡಿನ ಒಂದು ಮಗ್ಗುಲಲ್ಲಿ ಹಿಡಿಸ್ತಿರಲಿಲ್ಲ. ರೆಕಾರ್ಡು ಮಾಡೋನು ಮೂರನೇ ಚರಣ ಕತ್ತರಿಸ್ತೀನಿ ಅಂದ. ನೀನು ಆಸ್ಪತ್ರೇಲಿ, ಹೆರಿಗೆ ನೋವಲ್ಲಿ. ಯಾರನ್ನ ಕೇಳ್ಲಿ? ಅದನ್ನ ತೆಗೆದ್ರೆ ಆ ಹೆಂಗಸು ಒಗೆದು, ಇಸ್ತ್ರಿ ಮಾಡಿ, ಕಾಯ್ತಾನೇ ಇರ್ತಾಳೆ. ಅಂಗಿ ಹಾಕ್ಕೊಳ್ಳೋದೇ ಇಲ್ಲ. ಅದಕ್ಕೋಸ್ಕರ ತಾನೇ ನೀನು ಹಾಡು ಬರೆದಿದ್ದು? ಟೇಪನ್ನ ಸ್ವಲ್ಪ ಜೋರಾಗಿ ಓಡಿಸಿಬಿಟ್ಟೆ. ಹಿಡಿಸ್ತು.”

“ಎಷ್ಟು ಜೋರಾಗಿ?”

“ಸರಿಯಾಗಿ ಅರ್ಧ ಮನೆ. ಒಂದು ಕೂದಲು ಆಚೀಚೆ ಇಲ್ಲ. ನಡುವೆ ಎಲ್ಲೋ ನಿಲ್ಲಿಸಿದ್ರೆ ಅಕಾರ್ಡಿಯನ್ ಜೊತೆ ಹೊಂದ್ತಿರಲಿಲ್ಲ, ಮೊದಲನೇ ಕಾರ್ಯಕ್ರಮದಲ್ಲೇ ಸಿಕ್ಕಿಬೀಳ್ತಿದ್ದೆ.”

ಇದನ್ನು ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು. ಕೆಲಸಗಾರನ ಜಂಬ. ಕಪಾಳಕ್ಕೆ ಹೊಡೆಯಬೇಕೆನ್ನಿಸಿತು.

ರೆಕಾರ್ಡು ಬಂದಾಗ ಮಗಳಿಗೆ ನಾಲ್ಕು ತಿಂಗಳು. ದನಿ ಎಳೆಯದಾಗಿ ಕೇಳಿಸಿತ್ತು, ನಿಜ. ರೆಕಾರ್ಡಿನಲ್ಲಿ ಯಾರ ದನಿಯಾದರೂ ಬೇರೆ ಥರ ಕೇಳಿಸುತ್ತದೆ ಎಂದುಕೊಂಡೆ. ಬೇರೆ ಥರ ಎಂದರೆ ಚೆನ್ನಾಗಿ ಕೇಳಿಸಿತ್ತಲ್ಲ, ಯಾಕೆ ಪ್ರಶ್ನೆ ಕೇಳಲಿ? ವಾದ್ಯದವರೆಲ್ಲ ರೆಕಾರ್ಡಿಗೇ ಶ್ರುತಿ ಮಾಡಿಕೊಂಡರು. ಜನಕ್ಕೆ ಕೇಳಿದ ಹಾಗೇ ಬೇಕು. ಶ್ರುತಿ ಕೊಡುವುದು ಯಾವಾಗಲೂ ತಮ್ಮನ ಕೆಲಸ, ಅವನು ಕೊಟ್ಟಲ್ಲಿಂದ ನಾನು ಎತ್ತಿದೆ.

“ಆರು ವರ್ಷದ ಹಿಂದೆ ಯಾಕೋ ಹೇಳ್ಲಿಲ್ಲ?”

“ಅರ್ಧ ಮನೆ ಇಳಿಸೋಣ ಅಂದೆ. ನೀನು ಗ್ಲಾಸ್ ಎಸೆದೆ.”

ಎಸೆದಿರಲಿಲ್ಲ. ಜೋರಾಗಿ ಇಟ್ಟಿದ್ದೆ, ಅದು ಒಡೆಯಿತು.

“ಬೆಳ್ಳಿಗಂಟಲು ಅಂತ ಊರೆಲ್ಲ ಕರೀತಿತ್ತು ಅಕ್ಕ. ಆ ಗಂಟಲನ್ನ ನಾನು ಮಶೀನಲ್ಲಿ ಮಾಡಿದ್ದು ಅಂತ ಯಾವ ಬಾಯಲ್ಲಿ ಹೇಳ್ಲಿ?”

ಟೇಪಿನವಳು ಯಾವಾಗ ಎದ್ದು ಹೊರಗೆ ಹೋದಳೋ ತಿಳಿಯದು. ನಾನೂ ಎದ್ದೆ. ಅವನು ಆಟೋ ಕರೆಯುತ್ತೇನೆ ಎಂದ. ನಡೆದೇ ಬಂದೆ.

ಮಾರ್ಚ್ ೧೮, ಮಂಗಳವಾರ

ನಾನು ಹಾಡದೇ ಇದ್ದ ಸ್ವರ ನನಗೆ ಸಿಗಲಿಲ್ಲವೆಂದು ಆರು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ಇದಕ್ಕಿಂತ ಹೆಚ್ಚು ಬರೆಯಲಾರೆ. ಬರೆದರೆ ಪೆನ್ನು ಮುರಿಯುತ್ತದೆ.

ಮಾರ್ಚ್ ೨೦, ಗುರುವಾರ

ಪಾತ್ರೆ ತೊಳೆಯುತ್ತಾ ಒಂದು ವಿಷಯ ಹೊಳೆಯಿತು. ಮಶೀನು ಆ ಸ್ವರವನ್ನು ಒಂದು ಸಲ ಹಾಡಿದೆ. ಅದಾದಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಊರೂರಿನ ವೇದಿಕೆಯಲ್ಲಿ, ನೆಗಡಿಯಲ್ಲಿ, ಜ್ವರದಲ್ಲಿ, ಎದುರಿನವರು ಕಡಲೆಕಾಯಿ ತಿನ್ನುತ್ತಿರುವಾಗ, ಅದನ್ನು ಹಾಡಿದವಳು ನಾನು. ಅವನು ಮಶೀನಿನಲ್ಲಿ ಮಾಡಿದ ಗಂಟಲನ್ನು ನಾನು ಗಂಟಲಿನಲ್ಲೇ ಮಾಡಿ ತೋರಿಸಿದೆ. ಬೆಳ್ಳಿಗಂಟಲು ಎಂಬ ಹೆಸರು ಪುಕ್ಕಟೆ ಬಂದದ್ದಲ್ಲ. ಅದನ್ನು ಯಾರಿಗೂ ವಾಪಸು ಕೊಡಬೇಕಾಗಿಲ್ಲ.

ಇದು ಹೊಳೆದಮೇಲೆ ಊಟ ಸೇರಿತು.

ಸಂಜೆ ಮಗಳು ಬಂದು ಫ್ರಿಜ್ಜು ತೆಗೆಯುವ ಬದಲು ಬಾಗಿಲಲ್ಲೇ ನಿಂತುಬಿಟ್ಟಳು. “ಏನಮ್ಮಾ, ಹಾಡ್ತಾ ಇದೀಯ?” ಇಲ್ಲ, ಪಾತ್ರೆ ತೊಳೀತಿದೀನಿ ಎಂದೆ. “ಬೀದಿ ತಿರುವಿನ ತನಕ ಕೇಳಿಸ್ತಿದೆ, ಪಾತ್ರೆ ತೊಳೆಯೋದು” ಎಂದಳು. ಏನೋ ಹೇಳುತ್ತಿರುತ್ತಾಳೆ. ಕುರ್ಚಿಯ ಕಥೆ ಅವಳಿಗೆ ಹೇಳಿದೆ. “ಅಂದ್ರೆ ನಾನೂ ಆ ಟೇಪಲ್ಲಿದೀನಿ” ಎಂದು ಕಣ್ಣು ಒರೆಸಿಕೊಂಡಳು. ಅವಳು ಎಂದಿಗೂ ಅಳುಬುರುಕಿ.

ಮಾರ್ಚ್ ೨೨, ಶನಿವಾರ

ತಮ್ಮನ ಮನೆಗೆ ಹೋದೆ. ಅವನು ಬಾಗಿಲು ತೆಗೆದು, ನನ್ನ ಕೈಯಲ್ಲಿ ಗ್ಲಾಸು ಗೀಸು ಏನಾದರೂ ಇದೆಯೇ ಎಂದು ನೋಡಿದ.

“ಸಿಟ್ಟಿದೆಯಾ ಅಕ್ಕ?”

“ಇದೆ. ಪೆಟ್ಟಿಗೆ ತೆಗಿ.”

ಅಕಾರ್ಡಿಯನ್ ಹೆಗಲಿಗೆ ಹಾಕಿಕೊಳ್ಳಲು ಅವನಿಗೆ ಈಗ ಹೆಂಡತಿಯ ಸಹಾಯ ಬೇಕು. ತಿದಿ ಎಳೆದಾಗ ಅದೂ ಅವನ ಹಾಗೇ ಏದುಸಿರು ಬಿಟ್ಟಿತು. ಶ್ರುತಿ ಕೊಟ್ಟ. ಎತ್ತಿದೆ, ನಿಲ್ಲಿಸಿದೆ.

“ಶ್ರುತಿ ಎಲ್ಲಿಟ್ಟೆಯೋ?”

“ಒಂದು ಮನೆ ಕೆಳಗೆ. ನಿಂಗೆ ಸಲೀಸಾಗ್ಲಿ ಅಂತ.”

“ನಂಗೆ ಸಲೀಸಾಗೋದು ಬೇಡ, ಸರಿಯಾಗೋದು ಬೇಕು. ಟೇಪಲ್ಲಿ ಎಲ್ಲಿದೆಯೋ ಅಲ್ಲಿಡು.”

ಇಟ್ಟ. ಮೊದಲ ಚರಣ, ಎರಡನೇ ಚರಣ. ಮೂರನೆಯದಕ್ಕೆ ಬಂದಾಗ ಅವನು ನುಡಿಸುತ್ತಲೇ ಕಣ್ಣು ಮುಚ್ಚಿದ. ನನಗೂ ಭಯವಿತ್ತು, ಸುಳ್ಳು ಯಾಕೆ ಬರೆಯಲಿ. ‘ನಾನೇ’ ಹೋಳಾಗಲಿಲ್ಲ. ಅಂಚಿನಲ್ಲಿ ಸ್ವಲ್ಪ ತರಿ ಇತ್ತು. ಎರಡನೇ ಸಲ ಹಾಡಿದಾಗ ಅಂಚು ತಾನಾಗಿ ಸವೆಯಿತು. ಮೂರನೇ ಸಲಕ್ಕೆ ತಮ್ಮ ಸುಸ್ತಾದ. ನಾನು ಆಗಿರಲಿಲ್ಲ.

ಅವನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು, “ಊಟಕ್ಕೆ ಇಬ್ಬರೂ ಬನ್ನಿ, ಜಗಳ ಆಡೋದಿದ್ರೆ ಬಡಿಸಿದ ಮೇಲೆ ಆಡಿ.” ಉಂಡೆವು. ಅವನು ಎರಡು ಸಲ ಬಡಿಸಿಕೊಂಡ.

ಮಾರ್ಚ್ ೨೫, ಮಂಗಳವಾರ

ದಿನಾ ಹೋಗುತ್ತಿದ್ದೇನೆ. ಒಂದು ಸಲ ಬರುತ್ತದೆ, ಒಂದು ಸಲ ತರಿಯಾಗುತ್ತದೆ. ಗುರುವಾರ, ಸಹಿಯ ದಿನ, ಯಾವುದು ಬರುತ್ತದೋ ಹೇಳಲಾರೆ. ತಮ್ಮ ಹೆದರಿದ್ದಾನೆ. ಅವನು ಹೆದರಿದರೆ ನನಗೆ ಧೈರ್ಯ ಬರುತ್ತದೆ, ಚಿಕ್ಕಂದಿನಿಂದಲೂ ಹಾಗೆ.

ಮಾರ್ಚ್ ೨೭, ಗುರುವಾರ

ಕಂಪನಿಯವರ ಕಟ್ಟಡದ ಮೇಲಿನ ಮಹಡಿ. ಗಾಜಿನ ಗೋಡೆ, ಉದ್ದ ಮೇಜು, ಅದರ ಮೇಲೆ ಕಾಗದಗಳು, ಎರಡು ಹೊಸ ಪೆನ್ನು. ಇನ್ನೊಂದು ಬದಿಯಲ್ಲಿ ದೀಪಗಳು, ಮೂರು ಕ್ಯಾಮೆರಾ, ಮೂವತ್ತು ನಲವತ್ತು ಕುರ್ಚಿ. ಮಗಳು ಮೊದಲ ಸಾಲಿನಲ್ಲಿ, ಪಕ್ಕದಲ್ಲಿ ತಮ್ಮನ ಹೆಂಡತಿ. ಹಿಂದಿನ ಸಾಲಿನಲ್ಲಿ ಟೇಪಿನವಳೂ ಇದ್ದಳು, ಕನ್ನಡಕ ತಲೆಯ ಮೇಲೆ.

ಮೊದಲು ಹಾಡು, ಆಮೇಲೆ ಸಹಿ. ದೀಪ ಹೊತ್ತಿಸಿದರು. ದಯವಿಟ್ಟು ಹತ್ತಿರ ಬಂದು ಬಗ್ಗಿ ಹೇಳಿದ:

“ಮೇಡಂ, ದಯವಿಟ್ಟು ಎರಡು ಚರಣ ಸಾಕು. ಈಗಿನ ಜನ ಅಷ್ಟು ಹೊತ್ತು ನೋಡಲ್ಲ. ಮೂರನೇದು ಬಿಟ್ಟುಬಿಡೋಣ.”

ಮೂರನೆಯದು ಬೇಡವೆಂದರೆ ‘ನಾನೇ’ಯೂ ಇಲ್ಲ. ಬೆಣ್ಣೆಯಂಥ ಎರಡು ಚರಣ ಹಾಡಿ, ಕೈ ಮುಗಿದು, ಸಹಿ ಹಾಕಿ ಮನೆಗೆ ಹೋಗಬಹುದು. ಯಾರೂ ಪಾಪ ಅನ್ನುವುದಿಲ್ಲ. ಹೂಂ ಎಂದರೆ ಆಯಿತು. ಹೂಂ ಗಂಟಲಿನ ತನಕ ಬಂದಿತ್ತು.

“ಮೂರನೇದು ಇರತ್ತೆ ಸಾರ್.”

ತಮ್ಮ ಹೇಳಿದ್ದು. ಅಕಾರ್ಡಿಯನ್ ಭಾರಕ್ಕೆ ಬಗ್ಗಿ ಕೂತಿದ್ದವನು ಎದ್ದೇ ನಿಂತಿದ್ದ.

“ದಯವಿಟ್ಟು, ಸಮಯ...”

“ಸಮಯ ನಿಮ್ಮದು, ಹಾಡು ಸಹಿ ಆಗೋ ತನಕ ನಮ್ಮದು. ಒಂದ್ಸಲ ಆ ಚರಣ ಉಳಿಸೋಕೆ ಏನು ಮಾಡಿದೀನಿ ಅಂತ ನನಗೆ ಗೊತ್ತು. ಈ ಸಲ ಅದೇನೂ ಮಾಡಲ್ಲ. ಹೇಗಿದೆಯೋ ಹಾಗೆ ಹಾಡ್ತೀವಿ. ಇಲ್ಲ ಅಂದ್ರೆ ಪೆಟ್ಟಿಗೆ ಮುಚ್ತೀನಿ.”

ಅವನ ಜೀವಮಾನದಲ್ಲಿ ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವನ ಹೆಂಡತಿಯೂ ಕೇಳಿಲ್ಲವೆಂದು ಆಮೇಲೆ ಹೇಳಿದಳು. ದಯವಿಟ್ಟು ನನ್ನ ಕಡೆ ನೋಡಿದ. “ಅವನು ಹೇಳಿದ ಹಾಗೆ” ಎಂದೆ. ಈ ಮಾತು ನನ್ನ ಬಾಯಿಂದ ಮೊದಲ ಸಲ ಬಂದದ್ದು ಎಂದು ಮಗಳು ವಾದಿಸುತ್ತಾಳೆ. ಇರಲಾರದು.

ತಮ್ಮ ಕೂತು ಶ್ರುತಿ ಕೊಟ್ಟ. ಬೆರಳು ಹಳೇ ಅಭ್ಯಾಸಕ್ಕೆ ಮೇಲಿನ ಕೀಗೆ ಹೋಯಿತು, ಆಮೇಲೆ ಪಕ್ಕಕ್ಕೆ ಸರಿಯಿತು. ನಾನು ಕಾದೆ.

ಅಂಗಿ ಒಗೆದಾಯಿತು. ಇಸ್ತ್ರಿಯಾಯಿತು. ‘ಗುಂಡಿ ಹಾಕಿಕೊಂಡೆ’ ಎಂದು ಎತ್ತಿಕೊಂಡಾಗ ತಮ್ಮ ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದ. ‘ನಾನೇ’ ಬಂತು. ಬೆಳ್ಳಿಯದಲ್ಲ. ದಿನಾ ಬಳಸುವ ತಾಮ್ರದ ಚೊಂಬಿನಂಥದು, ಅಲ್ಲಲ್ಲಿ ತಗ್ಗು ಬಿದ್ದದ್ದು, ಆದರೆ ಎಲ್ಲೂ ಸೋರಲಿಲ್ಲ. ಎಷ್ಟು ಹೊತ್ತು ಹಿಡಿದೆನೋ ಗೊತ್ತಿಲ್ಲ. ಬಿಡಲು ಮನಸ್ಸಾಗಲಿಲ್ಲ. ತಿದಿಯಲ್ಲಿ ಗಾಳಿ ಮುಗಿದು ತಮ್ಮನೇ ಮೊದಲು ನಿಲ್ಲಿಸಿದ.

ಜನ ಎದ್ದು ನಿಂತರು. ಚಪ್ಪಾಳೆಯಲ್ಲಿ ಪಾಪ ಇದೆಯೇ ಎಂದು ಕಿವಿಗೊಟ್ಟು ಕೇಳಿದೆ. ಇರಲಿಲ್ಲ. ನನಗೆ ಅಳು ಬಂತು. ಬಂದದ್ದನ್ನು ಬಂದ ಹಾಗೆ ಅತ್ತೆ, ಕ್ಯಾಮೆರಾ ಬೇಕಾದರೆ ಹಿಡಿದುಕೊಳ್ಳಲಿ.

“ಸಾಕಪ್ಪಾ, ಯಾರಾದ್ರೂ ಒಂದು ಕುರ್ಚಿ ಕೊಡ್ರೋ” ಎಂದೆ. ಹಿಂದಿನ ಸಾಲಿನಲ್ಲಿ ಟೇಪಿನವಳು ಬಾಯಿಗೆ ಕೈ ಅಡ್ಡ ಹಿಡಿದಳು.

ಸಹಿ ಹಾಕಿದೆವು. ಪೆನ್ನು ಚೆನ್ನಾಗಿತ್ತು, ಬ್ಯಾಗಿಗೆ ಹಾಕಿಕೊಂಡೆ. ಜನಕ್ಕೆ ಗೊತ್ತಿರುವ ಆ ರೆಕಾರ್ಡನ್ನೇ ಮುಂದೆಯೂ ಹೊರಡಿಸುತ್ತೇವೆ, ಟೇಪನ್ನಲ್ಲ, ಬೇಸರವಿಲ್ಲ ತಾನೆ ಎಂದು ದಯವಿಟ್ಟು ಕೇಳಿದ. ಯಾಕೆ ಬೇಸರ? ರೆಕಾರ್ಡಿನಲ್ಲಿರುವ ಹುಡುಗಿ ತುಂಬ ಚೆನ್ನಾಗಿ ಹಾಡುತ್ತಾಳೆ, ಚೆನ್ನಾಗಿ ನೋಡಿಕೊಳ್ಳಿ ಎಂದೆ. ಒಪ್ಪಿಸಿ ಕೈ ಝಾಡಿಸಿಕೊಂಡು ಬಂದೆ.

ವಾಪಸು ಬರುವಾಗ ಕಾರಿನಲ್ಲಿ ತಮ್ಮ ಅಕಾರ್ಡಿಯನ್ ತಬ್ಬಿಕೊಂಡು ಕೂತಿದ್ದ. ಕಿಟಕಿಯ ಆಚೆ ನೋಡುತ್ತಲೇ ಕೇಳಿದ.

“ಸಿಟ್ಟು ಹೋಯ್ತಾ ಅಕ್ಕ?”

“ನಾಳೆ ಬೆಳಿಗ್ಗೆ ಎಂಟಕ್ಕೆ ಬಾ. ಪೆಟ್ಟಿಗೆ ತಗೊಂಡು ಬಾ.”

“ಯಾಕೆ? ಎಲ್ಲ ಮಾರಿ ಆಯ್ತಲ್ಲ.”

“ಮಾರಿದ್ದು ಹಕ್ಕು ಕಣೋ, ಗಂಟಲಲ್ಲ. ಮಿಕ್ಕ ಹಾಡುಗಳನ್ನೂ ಒಂದೊಂದೇ ಶ್ರುತಿ ಇಳಿಸಿ ಹಾಡಿ ನೋಡಬೇಕು.”

ಅವನು ನನ್ನ ಮುಖವನ್ನೇ ನೋಡಿದ. ಅದರಲ್ಲಿ ನೋಡುವಂಥದ್ದೇನಿತ್ತೋ ನನಗೆ ತಿಳಿಯಲಿಲ್ಲ. ತಡವಾಗಿ ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದೂ ಹೇಳಿದ್ದೇನೆ.